ಕೂಸಿನ ಲಂಗೋಟಿಗೆ ಎರಡು ಹಳೆಯ ಪಂಚೆ ಸಾಕು

ಮಾನ್ಯ ಸಂಪಾದಕರೇ,

ಕೂಸಿಗೆ ಬಟ್ಟೆಯ ಲಂಗೋಟಿ ಕಟ್ಟಲು ಮನಸ್ಸು ಮಾಡಿದ ಎಷ್ಟೋ ತಂದೆತಾಯಂದಿರು ಆನ್‌ಲೈನ್‌ನಲ್ಲಿ ಮಾರುವ 'ಕ್ಲಾತ್ ಡೈಪರ್' ಸೆಟ್‌ಗಳ ಬೆಲೆ ನೋಡಿಯೇ ಕೈಬಿಡುತ್ತಾರೆ. ಮತ್ತೆ ಬಿಸಾಡುವ ಡೈಪರ್. ಒಂದಕ್ಕೆ ಹತ್ತು ರೂಪಾಯಿ ಹಿಡಿದರೂ ದಿನಕ್ಕೆ ಆರರಂತೆ ತಿಂಗಳಿಗೆ 1,800 ರೂಪಾಯಿ. ಕೂಲಿ ಮಾಡುವ ಮನೆಗೆ ಇದು ದೊಡ್ಡ ಹೊರೆ.

ಆ ಸೆಟ್‌ಗಳು ಬೇಕಿಲ್ಲ. ಒಗೆದೊಗೆದು ಮೆತ್ತಗಾದ ಎಂಟು ಮೊಳದ ಪಂಚೆ ಸುಮಾರು 3.6 ಮೀಟರ್ ಉದ್ದ, 1.2 ಮೀಟರ್ ಅಗಲ ಇರುತ್ತದೆ. ಅದರಲ್ಲಿ 60 ಸೆಂ.ಮೀ. ಚೌಕದ 12 ತುಂಡು ಸಿಗುತ್ತವೆ. ಎರಡು ಪಂಚೆಗೆ 24. ದಿನವೂ ಒಗೆಯುವುದಾದರೆ ಎಳೆಗೂಸಿಗೂ ಇಷ್ಟು ಸಾಕು, ಮಳೆಗಾಲಕ್ಕೆ ಇನ್ನೊಂದು ಪಂಚೆ ಇರಲಿ. ಪಂಚೆ ಶುದ್ಧ ಹತ್ತಿಯದೇ ಎಂದು ತಿಳಿಯಲು ಒಂದು ನೂಲು ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಮಿಶ್ರಣ ಸರಿಯಾಗಿ ಹೀರುವುದಿಲ್ಲ. ಅಂಚುಗಳಿಗೆ ಟೈಲರ್ ಹತ್ತಿರ ಓವರ್‌ಲಾಕ್ ಹಾಕಿಸಲೇಬೇಕು. ಬಿಚ್ಚಿದ ನೂಲು ಕೂಸಿನ ಕಾಲ್ಬೆರಳಿಗೋ ಗಂಡುಮಗುವಿನ ಶಿಶ್ನಕ್ಕೋ ಸುತ್ತಿಕೊಂಡರೆ ರಕ್ತ ಸಂಚಾರವೇ ನಿಂತೀತು.

ತ್ರಿಕೋನವಾಗಿ ಮಡಚಿದ ಪಂಚೆ ಎರಡೇ ಪದರ, ಒಂದು ಉಚ್ಚೆಗೂ ತಡೆಯದು. ನಡುವೆ ದಪ್ಪ ಬೇಕು. ಹಳೆಯ ಟರ್ಕಿ ಟವೆಲನ್ನು 36 × 30 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, ಮೂರು ಮಡಿಕೆ ಮಾಡಿ 12 ಸೆಂ.ಮೀ. ಅಗಲದ ಪಟ್ಟಿಯಾಗಿ ಒಳಗಿಡಿ. ಮಡಿಕೆಗಳನ್ನು ಹೊಲಿಯಬೇಡಿ. ಬಿಡಿಸಿ ಒಣಹಾಕುವ ಬಟ್ಟೆ ಬೇಗ ಒಣಗುತ್ತದೆ. ಪದರಗಳನ್ನು ಸೇರಿಸಿ ಹೊಲಿದ ಪ್ಯಾಡ್ ಮಲೆನಾಡಿನ ಆಷಾಢದಲ್ಲಿ ಎರಡು ದಿನವಾದರೂ ಒಳಗೆ ತಣ್ಣಗೇ ಇದ್ದು ಮುಗ್ಗಲು ನಾತ ಹಿಡಿಯುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಮೂರ್ನಾಲ್ಕು ಪಿಯುಎಲ್ (ಒಳಗೆ ನೀರು ಸೋರದ ಪೊರೆ ಅಂಟಿಸಿದ ಬಟ್ಟೆ) ಹೊರಕವಚ ಮಾತ್ರ. ಅವನ್ನು ಕುದಿಸಬಾರದು, ಇಸ್ತ್ರಿ ಮಾಡಬಾರದು. ಬಿಸಿಗೆ ಒಳಗಿನ ಪೊರೆ ಬಿಟ್ಟುಕೊಂಡು ಸೋರುತ್ತದೆ.

ಬಟ್ಟೆ ಲಂಗೋಟಿ ಕೈಕೊಡುವುದು ಹೆಚ್ಚಾಗಿ ಒಗೆತದಲ್ಲಿ. ಕಕ್ಕವನ್ನು ಮೊದಲು ಶೌಚಾಲಯದ ಗುಂಡಿಗೇ ಉದುರಿಸಿ, ತಣ್ಣೀರಿನಲ್ಲಿ ಜಾಲಿಸಿ. ಬಿಸಿನೀರು ಮೊದಲೇ ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ರಾತ್ರಿಯ ಲಂಗೋಟಿಯನ್ನು ಬೆಳಿಗ್ಗೆಯೇ ಜಾಲಿಸಿಡಬೇಕು, ಇಲ್ಲದಿದ್ದರೆ ಅಮೋನಿಯಾ ಕಟ್ಟಿ ಕಣ್ಣು ಉರಿಯುವಷ್ಟು ಘಾಟು. ಜಾಲಿಸಿದ್ದನ್ನು ನೀರಲ್ಲಿ ನೆನೆಹಾಕಿ ಬಿಡದೆ ಗಾಳಿಯಾಡುವ ಬುಟ್ಟಿಯಲ್ಲಿಡಿ. ನೀರು ತುಂಬಿದ ಬಕೆಟ್ ತೆವಳುವ ಮಗುವಿಗೆ ಅಪಾಯ. ಆಮೇಲೆ ಪೌಡರ್ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಟ್ಟು ಉಜ್ಜಬೇಕು. ಯಂತ್ರವಿದ್ದರೆ 60 ಡಿಗ್ರಿ, ಮುಕ್ಕಾಲು ಭಾಗದಷ್ಟೇ ಬಟ್ಟೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ಬೋರ್‌ವೆಲ್ ನೀರಿಗೆ ಸೋಪಿನ ಬಿಲ್ಲೆ ಹೊಂದುವುದಿಲ್ಲ. ನೀರಿನ ಸುಣ್ಣದಂಶದ ಜತೆ ಸೇರಿ ಜಿಡ್ಡಾಗಿ ನೂಲಿಗೆ ಮೆತ್ತಿಕೊಳ್ಳುತ್ತದೆ. ಬಟ್ಟೆ ಹಪ್ಪಳದಂತೆ ಬಿರುಸಾಗಿ, ನೀರು ಹೀರದೆ ಜಾರಿಸಿಬಿಡುತ್ತದೆ. ಮೆತ್ತಗಾಗಲೆಂದು ಹಾಕುವ ಫ್ಯಾಬ್ರಿಕ್ ಕಂಡೀಷನರ್ ಇದನ್ನು ಇನ್ನಷ್ಟು ಕೆಡಿಸುತ್ತದೆ. ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡ ಬೆರೆಸಿ, ಕೊನೆಗೆ ಎರಡು ಮೂರು ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಒಗೆದ ಬಟ್ಟೆಯನ್ನು ಬರೀ ಬಿಸಿನೀರಿನಲ್ಲಿ ಕಲಕಿದಾಗ ನೀರು ಬೆಳ್ಳಗಾದರೆ ಜಿಡ್ಡು ಉಳಿದಿದೆ ಎಂದೇ ತಿಳಿಯಿರಿ. ಅಂಟುವಾಳಕಾಯಿಯನ್ನು ಹಲವರು ಹೊಗಳುತ್ತಾರೆ, ಆದರೆ ಕಕ್ಕದ ಬಟ್ಟೆಗೆ ಅದರ ಶಕ್ತಿ ಸಾಲದು. ಕಲೆಗೆ ಬಿಸಿಲೇ ಮದ್ದು: ಒದ್ದೆಯಿರುವಾಗಲೇ ನೇರ ಬಿಸಿಲಿಗೆ ಹಾಕಿ.

ಎಷ್ಟೇ ಚೆನ್ನಾಗಿ ಒಗೆದರೂ ಎರಡು ಮೂರು ಗಂಟೆಗೊಮ್ಮೆ ಬದಲಿಸದಿದ್ದರೆ ಚರ್ಮ ಕೆಂಪಾಗುತ್ತದೆ. ತೊಡೆಸಂದಿಯಲ್ಲಿ ಕೆಂಪು ಹರಡಿ ಸುತ್ತ ಸಣ್ಣ ಗುಳ್ಳೆ ಎದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು, ಪೌಡರ್ ಬಳಿಯದೆ ವೈದ್ಯರಿಗೆ ತೋರಿಸಿ.

ಹೆರಿಗೆಯ ನಂತರ 42 ದಿನಗಳವರೆಗೆ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಬಾಣಂತಿ, ಕೂಸನ್ನು ನೋಡುತ್ತಾರೆ. ಅದರಲ್ಲಿ ಒಂದು ಭೇಟಿಯಲ್ಲಾದರೂ ಲಂಗೋಟಿ ಮಡಚುವುದನ್ನೂ ಒಗೆಯುವುದನ್ನೂ ತೋರಿಸಿಕೊಡುವಂತೆ ಆರೋಗ್ಯ ಇಲಾಖೆ ಅವರಿಗೆ ತರಬೇತಿ ಕೊಡಬೇಕು. ಈ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಗೌರವಧನವನ್ನೂ ಕೊಡಬೇಕು. ನರೇಗಾ ಕೂಲಿಕಾರರ ಮಕ್ಕಳಿಗಾಗಿ ಆರಂಭಿಸಿದ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರಗಳಿಗೆ ಗ್ರಾಮ ಪಂಚಾಯಿತಿಗಳು ಬಿಸಿಲು ಬೀಳುವ ಕಡೆ ಒಂದು ಒಣಹಾಕುವ ತಂತಿ, ಎರಡು ಬುಟ್ಟಿ, ತಿಂಗಳಿಗಾಗುವಷ್ಟು ಬಟ್ಟೆ ಪೌಡರ್ ಒದಗಿಸಲಿ.

– ಓದುಗರು, ಚಿಕ್ಕಬಳ್ಳಾಪುರ