ಪುತ್ತರಿ ಸುಗ್ಗಿ ಹಬ್ಬಕ್ಕೆ ಬರುವ ಮುಂಚೆ

ಪೊನ್ನಂಪೇಟೆ
ಕಕ್ಕಡ ತಿಂಗಳು ಮುಗಿಯಲು ಇನ್ನು ನಾಲ್ಕು ದಿನ

ಪ್ರೀತಿಯ ಪುಟ್ಟಿಗೆ,

ನಿನ್ನ ಪತ್ರ ಬಂದು ಹನ್ನೊಂದು ದಿನ ಆಯ್ತು. ಮಳೆ, ಕರೆಂಟ್ ಇಲ್ಲ, ಟವರ್ ಇಲ್ಲ ಅಂತೆಲ್ಲ ನೆಪ ಬರೆಯಬಹುದಿತ್ತು. ಆದರೆ ಪೆನ್ನಿಗೆ ಕರೆಂಟ್ ಬೇಕಿಲ್ಲ ಅಲ್ವಾ? ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ, ಅಷ್ಟೇ.

ಕಕ್ಕಡ ಹದಿನೆಂಟರ ದಿನ ನಿನ್ನ ಅಮ್ಮ ಮದ್ದು ಪಾಯಸ ತಂದಿದ್ದಳು. ಬಟ್ಟಲು ಇಡುವಾಗಲೇ ನಿನ್ನ ಮದುವೆ ಮಾತು ತೆಗೆದಳು. ವಿರಾಜಪೇಟೆ ಕಡೆಯ ಹುಡುಗನಂತೆ, ತೋಟ ಇದೆಯಂತೆ. ನಾನು ಪಾಯಸ ಚೆನ್ನಾಗಿದೆ ಅಂದೆ. ನಿನ್ನ ಪತ್ರ ಅವಳ ಬೆನ್ನ ಹಿಂದಿನ ಡ್ರಾಯರಿನಲ್ಲೇ ಇತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನ ಕೆಲಸ ಬಿಟ್ಟು, ನೀನು ಪ್ರೀತಿಸುವ ಹುಡುಗಿಯ ಜೊತೆ ಇಲ್ಲಿಗೆ ಬಂದು ಹೋಂಸ್ಟೇ ಮಾಡಿದರೆ ಕೊಡಗು ಒಪ್ಪುತ್ತದಾ ಅಂತ ಕೇಳಿದ್ದೀಯ. ಕೊಡವರು ಹೇಗೆ, ಅರೆಭಾಷೆ ಗೌಡರು ಹೇಗೆ, ಮಾಪಿಳ್ಳೆಗಳು, ಚರ್ಚಿಗೆ ಹೋಗುವವರು, ಲೈನ್ ಮನೆಯಲ್ಲಿರುವ ತೋಟದ ಕೆಲಸದವರು ಹೇಗೆ ಅಂತ ಪಟ್ಟಿ ಬೇರೆ ಕೊಟ್ಟಿದ್ದೀಯ. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವಳಿಗೂ ಹೀಗೆ ಜನಾಂಗವಾರು ಮಾರ್ಕ್ಸ್ ಹಾಕಲು ಬರುವುದಿಲ್ಲ. ನಾನು ನೋಡಿದ ಮಟ್ಟಿಗೆ ವ್ಯತ್ಯಾಸ ಇರುವುದು ಮನೆ ಮನೆಗೆ. ಆ ಮನೆಗೆ ಯಾವುದರ ಹೆದರಿಕೆ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಜಮೀನಿದ್ದವರಿಗೆ ಮನೆ ಹೆಸರಿನ ಹೆದರಿಕೆ. ಧರ್ಮ ಗಟ್ಟಿಯಾಗಿ ಹಿಡಿದವರಿಗೆ ಗುರುಗಳು ಏನಂತಾರೋ ಅನ್ನುವ ಹೆದರಿಕೆ. ಲೈನ್ ಮನೆಯಲ್ಲಿ ಒಂದೇ ಗೋಡೆಗೆ ಎರಡು ಸಂಸಾರ, ಗುಟ್ಟು ಅಂತ ಏನೂ ಉಳಿಯುವುದಿಲ್ಲ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದ್ದರಿಂದ ಮಾತಾಡಿಕೊಂಡು ಕೂರಲು ಅವರಿಗೆ ಪುರುಸೊತ್ತೂ ಇಲ್ಲ.

ಕುಂಡೆ ಹಬ್ಬ ನೆನಪಿದೆಯಾ? ಮೇ ತಿಂಗಳಲ್ಲಿ ದೇವರಪುರದಲ್ಲಿ. ನೀನು ಚಿಕ್ಕವಳಿದ್ದಾಗ ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ನನ್ನ ಸೆರಗು ಹಿಡಿದು ಅಡಗಿಕೊಂಡಿದ್ದೆ. ಯರವರ, ಕುರುಬರ ಹುಡುಗರು ನೈಟಿ, ಫ್ರಾಕ್ ಹಾಕಿ, ತುಟಿಗೆ ಬಣ್ಣ ಬಳಿದು, ಡಬ್ಬ ಬಡಿಯುತ್ತಾ ದೇವರಿಂದ ಹಿಡಿದು ಪ್ಲಾಂಟರ್‌ವರೆಗೂ ಎಲ್ಲರನ್ನೂ ಬೈಯುತ್ತಾ ಕಾಸು ಕೇಳುತ್ತಿದ್ದರು. ಬೈಸಿಕೊಂಡವರೆಲ್ಲ ನಗುತ್ತಾ ಜೇಬಿಗೆ ಕೈ ಹಾಕುತ್ತಿದ್ದರು. ಆ ಹಬ್ಬದ ವೇಷ ಬೇರೆ, ನಿನ್ನ ಬದುಕು ಬೇರೆ ಅಂತ ನನಗೆ ಗೊತ್ತು. ಆದರೂ ಯೋಚನೆ ಮಾಡು. ಹಬ್ಬದ ದಿನ ಸೀರೆ ಉಟ್ಟ ಗಂಡಸಿಗೆ ಹತ್ತು ರೂಪಾಯಿ ಕೊಟ್ಟವನೇ ಮಾರನೇ ದಿನ ಹಾಗೇ ಬಂದರೆ ನಾಯಿ ಬಿಡುತ್ತಾನೆ.

ಟಿವಿಯಲ್ಲಿ ನೋಡುವುದೂ ಹಾಗೇ. 2021ರ ನವೆಂಬರಿನಲ್ಲಿ ತೃತೀಯ ಲಿಂಗಿ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದರಲ್ಲ, ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ಮಾವನ ಕಣ್ಣಲ್ಲೂ ನೀರು. ಅದೇ ಸಂಜೆ ಯಾರದೋ ಮಗನ ವಿಷಯ ಬಂದಾಗ ಅವರೇ, ‘ಅದೆಲ್ಲ ಅವರಿಗೆ ಸರಿ, ಮರ್ಯಾದಸ್ಥರ ಮನೆಯಲ್ಲಿ ನಡೆಯುವುದಿಲ್ಲ’ ಅಂದರು. ಅದೇ ವರ್ಷ ನಮ್ಮ ಸರ್ಕಾರ ಮಂಜಮ್ಮನಂಥ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸದಲ್ಲಿ ಶೇಕಡಾ 1 ಮೀಸಲಾತಿ ಕೊಟ್ಟಿತು. ಕುಟ್ಟ ದಾಟಿದರೆ ಕೇರಳ, ಅವರು 2015ರಲ್ಲೇ ಇವರಿಗಾಗಿ ನೀತಿ ತಂದಿದ್ದರು. ಒಳ್ಳೆಯದೇ. ಆದರೆ ಸರ್ಕಾರದ ಆದೇಶ ಗೇಟಿನವರೆಗೆ ಬರುತ್ತದೆ. ಹೊಸ್ತಿಲು ದಾಟಲು ಮನೆಯವರೇ ಕರೆಯಬೇಕು.

ಒಂದು ದಿನದ ಬಗ್ಗೆ ನಿನ್ನ ಕ್ಷಮೆ ಕೇಳಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನೀನು ರಜೆ ಹಾಕಿ ಬಂದು ಮಡಿಕೇರಿಯಲ್ಲಿ ಪರಿಹಾರ ಸಾಮಾನು ವಿಂಗಡಿಸುತ್ತಿದ್ದೆ. ಸೆಪ್ಟೆಂಬರ್ 6ರಂದು ಕಂಬಳಿ ಎಣಿಸುತ್ತಿದ್ದವಳು ಫೋನ್ ನೋಡಿ ನೀರಿನ ಟ್ಯಾಂಕಿನ ಹಿಂದೆ ಹೋಗಿ ಅತ್ತೆ. ಮಕ್ಕಂದೂರಿನ ನೆಂಟರ ಮನೆ ಹೋದದ್ದಕ್ಕೆ ಅಂದುಕೊಂಡು ನಾನು ಬೆನ್ನು ಸವರಿದೆ. ‘ಹೋದದ್ದು ಹೋಯ್ತು, ಬಿಡು’ ಅಂತಲೂ ಅಂದೆ. ನೀನು ಅಳುತ್ತಲೇ ನಕ್ಕೆ. ಸಲಿಂಗ ಪ್ರೀತಿ ಅಪರಾಧವಲ್ಲ ಅಂದ 377ನೇ ಕಲಮಿನ ತೀರ್ಪು ಬಂದದ್ದು ಆ ದಿನ ಅಂತ ನನಗೆ ತಿಳಿದದ್ದು ನಿನ್ನ ಪತ್ರದಿಂದ. ಆ ಹೊತ್ತಿಗೆ ನಮ್ಮ ಊರಿಗೆ ಮಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಇನ್ನೊಂದು ತಪ್ಪು ಅದಕ್ಕಿಂತ ಹಳೆಯದು. ನಮ್ಮ ಬಳಗದ ಒಬ್ಬ ಹುಡುಗ ನನ್ನ ಹತ್ತಿರ ಬಂದು, ‘ಅಕ್ಕ, ನನಗೆ ಮದುವೆ ಆಗುವುದಿಲ್ಲ, ನೀವೇ ಹೇಳಿ’ ಅಂದಿದ್ದ. ನಾಚಿಕೆ ಅಂತ ನಕ್ಕು, ನಾನೇ ಹುಡುಗಿ ಹುಡುಕಿದೆ. ಎಂಟು ತಿಂಗಳಿಗೆ ಅವಳು ತವರಿಗೆ ಬಂದಳು. ಅವನು ಊರು ಬಿಟ್ಟ. ಅವಳು ಈಗಲೂ ಸಂತೆಯಲ್ಲಿ ಸಿಗುತ್ತಾಳೆ. ಮಾತಾಡಿಸಿದರೆ ತಕ್ಕಡಿಯ ಮುಳ್ಳು ನೋಡುತ್ತಾ ‘ಚೆನ್ನಾಗಿದ್ದೇನೆ’ ಅನ್ನುತ್ತಾಳೆ, ಮುಖ ಎತ್ತುವುದಿಲ್ಲ. ಅದಕ್ಕೇ ಹೇಳುತ್ತೇನೆ, ಅಮ್ಮನ ಸಮಾಧಾನಕ್ಕೆ ಅಂತ ಆ ವಿರಾಜಪೇಟೆ ಹುಡುಗನನ್ನು ನೋಡಲು ಒಪ್ಪಬೇಡ. ಕಾಫಿ ಕುಡಿಯಲೂ ಒಪ್ಪಬೇಡ.

ಅಮ್ಮನಿಗೆ ಮೊದಲು ಹೇಳು, ಒಬ್ಬಳೇ ಇದ್ದಾಗ. ಅವಳ ಕೈಗೆ ಕೆಲಸ ಇರಲಿ, ಕರಿಮೆಣಸು ಆರಿಸುವಾಗಲೋ ಬಟ್ಟೆ ಮಡಿಸುವಾಗಲೋ. ಕಣ್ಣಿಗೆ ಕಣ್ಣು ಕೊಟ್ಟು ಕೂತರೆ ಅವಳು ಜಗಳಕ್ಕೇ ಬರುತ್ತಾಳೆ, ನಿನಗೇ ಗೊತ್ತಲ್ಲ. ಅಪ್ಪನನ್ನು ನನಗೆ ಬಿಡು. ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಎದ್ದು ನಿಂತು ಹೇಳುವ ಯೋಚನೆ ಇದ್ದರೆ ಕೈಬಿಡು. ನೂರು ಜನ ಸೇರಿದಾಗ ಒಬ್ಬರೂ ತಮ್ಮ ಸ್ವಂತ ಮಾತು ಆಡುವುದಿಲ್ಲ.

ಯಾರಾದರೂ ಡಾಕ್ಟರ್ ಹತ್ತಿರ ತೋರಿಸೋಣ ಅಂದೇ ಅನ್ನುತ್ತಾರೆ. ಇದು ಕಾಯಿಲೆ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಪಟ್ಟಿಯಿಂದ ತೆಗೆದಿದೆ. ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಅಂತ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಮಂತ್ರ, ತಾಯಿತದವರ ಮೇಲೆ ಯಾವ ಆಯೋಗವೂ ಇಲ್ಲ. ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಒಕ್ಕ, ಅಂದರೆ ಮನೆತನ, ನಿಂತುಹೋಗುತ್ತದೆ, ಹಿಂದಿನವರು ಒಪ್ಪುತ್ತಿರಲಿಲ್ಲ ಅಂತಲೂ ಅನ್ನುತ್ತಾರೆ. ಹಿಂದಿನವರ ಬಗ್ಗೆ ಮಾತಾಡುವವರಿಗೆ ಹಿಂದಿನದು ಸರಿಯಾಗಿ ಗೊತ್ತಿರುವುದು ಕಡಿಮೆ. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಅಳಿಯನನ್ನು ತಂದು, ಹುಟ್ಟಿದ ಮಕ್ಕಳನ್ನು ತಾಯಿಯ ಒಕ್ಕಕ್ಕೇ ಸೇರಿಸುವ ಪದ್ಧತಿ ನಮ್ಮಲ್ಲಿತ್ತು. ಹುಲಿ ಹೊಡೆದವನಿಗೆ ಮದುಮಗನ ಹಾಗೆ ಸಿಂಗಾರ ಮಾಡಿ ನರಿ ಮಂಗಲ ಮಾಡುತ್ತಿದ್ದರು. ನಿನ್ನ ಗೆಳತಿಗೆ ಹೇಳು, ಕೊಡವ ತಕ್ಕಿನಲ್ಲಿ ನರಿ ಅಂದರೆ ಹುಲಿ, ಇಲ್ಲದಿದ್ದರೆ ನಕ್ಕಾಳು. ಬೇಕಾದಾಗ ಕಟ್ಟಳೆ ಮಾಡಿಕೊಂಡವರು ನಮ್ಮ ಹಿರಿಯರು. ಈ ಮಾತು ನಿನ್ನ ಅಪ್ಪನಿಗೆ ನಾಟುತ್ತದೆ ಅಂತ ನನ್ನ ಲೆಕ್ಕ.

ಕಾಗದ ಪತ್ರದಲ್ಲಿ ಮಾತ್ರ ಸಂಕೋಚ ಬೇಡ. 2023ರ ಅಕ್ಟೋಬರ್ 17ರಂದು, ತಲಕಾವೇರಿಯ ತೀರ್ಥೋದ್ಭವಕ್ಕೆ ನಾವೆಲ್ಲ ಹೊರಟಿದ್ದ ದಿನವೇ, ಸುಪ್ರೀಂ ಕೋರ್ಟು ನಿಮ್ಮಂಥ ಜೋಡಿಗೆ ಮದುವೆಯ ಹಕ್ಕು ಕೊಡಲು ಆಗುವುದಿಲ್ಲ, ಅದು ಸಂಸತ್ತಿನ ಕೆಲಸ ಅಂದಿತು. ಹಾಗಾಗಿ ನೀವಿಬ್ಬರೂ ಕಾನೂನಿನ ಕಣ್ಣಲ್ಲಿ ಬರೀ ಪರಿಚಯದವರು. ವಿಲ್ ಬರೆಸು. ಅದಿಲ್ಲದೆ ನಿನಗೇನಾದರೂ ಆದರೆ ನೀನು ದುಡಿದು ಮಾಡಿದ್ದರಲ್ಲಿ ಒಂದು ಚಮಚವೂ ಅವಳಿಗೆ ಬರುವುದಿಲ್ಲ. ಜಂಟಿ ಖಾತೆ ತೆರೆಯಲು, ನಾಮಿನಿ ಮಾಡಲು ಅಡ್ಡಿ ಇಲ್ಲ ಅಂತ 2024ರ ಆಗಸ್ಟಿನಲ್ಲಿ ಕೇಂದ್ರವೇ ಸ್ಪಷ್ಟ ಮಾಡಿದೆ. ಬ್ಯಾಂಕಿನವರು ಗೊತ್ತಿಲ್ಲ ಅಂದರೆ ಸುಮ್ನೆ ಎದ್ದು ಬರಬೇಡ. ಹೋಂಸ್ಟೇಯನ್ನು ಹಿರಿಯರಿಂದ ಬಂದ ಜಮ್ಮಾ ಜಾಗದಲ್ಲಿ ಕಟ್ಟಬೇಡ, ಅದರಲ್ಲಿ ಇಡೀ ಒಕ್ಕದ ಮಾತಿದೆ. ನಿನ್ನ ದುಡ್ಡು, ನಿನ್ನ ಹೆಸರಿನ ಜಾಗ. ಸಿದ್ದಾಪುರ ಕಡೆ ಬೇಡ, ಜನರಿಗಿಂತ ಆನೆ ಕಾಟ ಜಾಸ್ತಿ.

ಇನ್ನು ಒಂದು ವಿಷಯ ನಿನಗೆ ಹಿಡಿಸದೆ ಇರಬಹುದು. ಇಬ್ಬರು ಹೆಂಗಸರು ಒಟ್ಟಿಗೆ ಇದ್ದರೆ ನಮ್ಮಲ್ಲಿ ಯಾರೂ ಏನೂ ಕೇಳುವುದಿಲ್ಲ. ‘ಫ್ರೆಂಡ್ಸ್’ ಅಂದು ಸುಮ್ಮನಾಗುತ್ತಾರೆ. ಅದನ್ನು ಒಪ್ಪಿಗೆ ಅಂದುಕೊಳ್ಳಬೇಡ. ಅದು ಕೈಸಾಲದ ಹಾಗೆ, ಯಾವತ್ತೋ ಒಂದು ದಿನ ಬಡ್ಡಿ ಸಮೇತ ಕೇಳುತ್ತಾರೆ. ಒಂದು ಪುತ್ತರಿಗೆ ಅವಳು ಫ್ರೆಂಡ್ ಆಗಿ ಬರಲಿ. ಹತ್ತು ಪುತ್ತರಿಗೆ ಹಾಗೇ ಬಂದರೆ ಅವಳ ಮುಖ ಏನಾಗಿರುತ್ತದೆ ಅಂತ ಯೋಚಿಸು.

ಐನ್‌ಮನೆಗೆ ಹೋಗುವ ಮುಂಚೆ ಎರಡು ದಿನ ಇಲ್ಲಿರಿ. ಮೇಲಿನ ಕೋಣೆಯ ಗೋಡೆಗೆ ಬೂಸ್ಟು ಹಿಡಿದಿದೆ, ಮಳೆ ನಿಂತ ಮೇಲೆ ಸುಣ್ಣ ಹೊಡೆಸುತ್ತೇನೆ. ಅವಳು ಹಂದಿ ತಿನ್ನುತ್ತಾಳಾ ಇಲ್ಲವಾ, ಅದನ್ನು ನೀನು ಬರೆದೇ ಇಲ್ಲ. ಬೇಗ ತಿಳಿಸು.

ಇಂತಿ,
ದೊಡ್ಡಮ್ಮ