ಕತ್ತರಿ ಹಾಕಿದ್ದು ಗೊತ್ತಾಗಲಿ

ಮಾನ್ಯ ಸಂಪಾದಕರೇ,

ರೇ ಬ್ರಾಡ್‌ಬರಿ 1953ರಲ್ಲಿ ಬರೆದ ‘ಫ್ಯಾರನ್‌ಹೀಟ್ 451’ ಕಾದಂಬರಿಯಲ್ಲಿ ಅಗ್ನಿಶಾಮಕ ದಳದವರು ಬೆಂಕಿ ಆರಿಸುವುದಿಲ್ಲ, ಮನೆಮನೆಗೆ ಬಂದು ಪುಸ್ತಕಗಳಿಗೆ ಬೆಂಕಿ ಇಡುತ್ತಾರೆ. ಅದನ್ನು ಓದಿ ಮುಗಿಸಿದ ನನ್ನ ಮಗಳು, “ಹೀಗೆ ನಿಜವಾಗಿ ಆಗಬಹುದಾ ಅಪ್ಪಾ?” ಎಂದು ಮೊನ್ನೆ ಕೇಳಿದಳು. “ಸುಟ್ಟರೆ ಹೊಗೆ ಬರುತ್ತೆ ಕಣಮ್ಮ, ಊರಿಗೆಲ್ಲ ಗೊತ್ತಾಗುತ್ತೆ” ಎಂದೆ. ಆ ಪುಸ್ತಕಕ್ಕೇ ಆದ ಗತಿ ಅವಳಿಗೆ ಗೊತ್ತಿರಲಿಲ್ಲ.

1967ರಲ್ಲಿ ಅದರ ಪ್ರಕಾಶಕರು ಅಮೆರಿಕದ ಶಾಲೆಗಳಿಗೆಂದು ಬೇರೆ ಮುದ್ರಣ ತಂದರು. ಸುಮಾರು 75 ಕಡೆ ಕತ್ತರಿ ಆಡಿತ್ತು. ಬೈಗುಳ ಮಾಯವಾದವು. ಕುಡುಕನೊಬ್ಬ ಕಾಯಿಲೆಯವನಾದ. ಹೊಕ್ಕುಳಿನ ಕೊಳೆ ತೆಗೆಯುವ ಮಾತು ಕಿವಿ ಸ್ವಚ್ಛ ಮಾಡುವ ಮಾತಾಯಿತು. (ಪಾಪ, ಹೊಕ್ಕುಳು ಯಾರಿಗೆ ಏನು ಮಾಡಿತ್ತೋ!) ಲೇಖಕರಿಗೂ ಹೇಳಲಿಲ್ಲ, ಓದುಗರಿಗೂ ಹೇಳಲಿಲ್ಲ. ಮುಂದೆ ಕೆಲವು ವರ್ಷ ಅಂಗಡಿಗಳಲ್ಲೂ ಇದೇ ಪ್ರತಿ ಮಾರಾಟವಾಯಿತು. ಬ್ರಾಡ್‌ಬರಿ ಗಲಾಟೆ ಮಾಡಿ ಮೂಲ ಪಾಠ ವಾಪಸ್ ತರಿಸಿದ್ದು 1979ರಲ್ಲಿ ವಿಷಯ ತಿಳಿದ ಮೇಲೆ.

2009ರ ಜುಲೈಯಲ್ಲಿ ಇನ್ನೊಂದು ನಡೆಯಿತು. ಮಾರಿದವರಿಗೆ ಹಕ್ಕು ಇರಲಿಲ್ಲವೆಂದು ಅಮೆಜಾನ್ ಕಂಪನಿ ಗಿರಾಕಿಗಳ ಕಿಂಡಲ್‌ಗಳಿಂದ (ಇ-ಪುಸ್ತಕ ಓದುವ ಸಾಧನ) ಒಂದು ಇ-ಪುಸ್ತಕವನ್ನು ದೂರದಿಂದಲೇ ಅಳಿಸಿಹಾಕಿತು. ಯಾವ ಪುಸ್ತಕ ಅಂತೀರಾ? ಸರ್ಕಾರವೇ ಹಳೆಯ ದಾಖಲೆಗಳನ್ನು ಅಳಿಸಿ ತಿದ್ದುವ ಕಥೆಯಿರುವ, ಜಾರ್ಜ್ ಆರ್ವೆಲ್‌ರ ಕಾದಂಬರಿ ‘1984’! ದುಡ್ಡು ವಾಪಸ್ ಬಂತು, ಕಂಪನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ನಾವು ಕೊಂಡ ಪುಸ್ತಕ ನಮ್ಮ ಕೈಯಲ್ಲಿದ್ದೂ ನಮ್ಮದಲ್ಲ ಎಂಬುದು ಅವತ್ತೇ ಗೊತ್ತಾಯಿತು.

ನಮ್ಮಲ್ಲಿ ತುರ್ತು ಪರಿಸ್ಥಿತಿ ಬಂದಾಗ ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತು. ಆ ಬಿಳಿ ಜಾಗ ನೋಡಿದವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಅದಕ್ಕೇ ಇರಬೇಕು, ಆಮೇಲೆ ಖಾಲಿ ಬಿಡುವುದಕ್ಕೂ ತಡೆ ಬಂತು.

ಈಗಲೋ, ಜಾಲತಾಣದ ಬರಹಗಳನ್ನು ತಡೆಯುವ ಕೇಂದ್ರ ಸರ್ಕಾರದ 2009ರ ನಿಯಮಗಳಲ್ಲಿ 16ನೆಯದು, ದೂರು ಮತ್ತು ಅದರ ಮೇಲಿನ ಕ್ರಮ ಎರಡೂ ಗುಟ್ಟಾಗಿರಬೇಕು ಎನ್ನುತ್ತದೆ. ಇಂಥ ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕಂಪನಿ ಬೆಂಗಳೂರಿನ ನಮ್ಮ ಹೈಕೋರ್ಟಿಗೇ ಬಂದಿತ್ತು. 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡದೊಂದಿಗೆ ಅರ್ಜಿ ವಜಾ ಆಯಿತು. ದ್ವೇಷ ಹಬ್ಬಿಸುವ ಬರಹವನ್ನು ತಡೆಯಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ತಡೆದಿದ್ದು ಯಾರು, ಯಾಕೆ ಎಂದು ಆ ಪುಟದಲ್ಲೇ ನಾಲ್ಕು ಸಾಲು ಬರೆಯಲು ಏನು ಕಷ್ಟ? ಪ್ರಕಾಶಕರಿಗೂ ಇದೇ ಮಾತು. ಹಳೆಯ ಪುಸ್ತಕದಲ್ಲಿ ಪದ ಬದಲಿಸಿದರೆ ಮೊದಲ ಹಾಳೆಯಲ್ಲಿ ಹೇಳಿಬಿಡಿ. ಸುಮ್ನೆ ಬದಲಿಸಿ ಕೈಗೆ ಕೊಡಬೇಡಿ.

ಅಂದಹಾಗೆ, ಜಾಗ ಸಾಲದೆ ಈ ಪತ್ರಕ್ಕೂ ನೀವು ಕತ್ತರಿ ಹಾಕಬೇಕಾಗಬಹುದು. ಧಾರಾಳವಾಗಿ ಹಾಕಿ, ಬೇಜಾರಿಲ್ಲ. ಕೆಳಗೆ ‘ಸಂಕ್ಷಿಪ್ತಗೊಳಿಸಲಾಗಿದೆ’ ಎಂದು ಒಂದು ಮಾತು ಸೇರಿಸಿದರೆ ಸಾಕು.

— ಒಬ್ಬ ಓದುಗ, ತುಮಕೂರು