ಘಾಟಿಯಲ್ಲಿ ಕುದಿಯುವ ಕಾರಿಗೆ ಹಳ್ಳದ ನೀರು ಮದ್ದಲ್ಲ

ಮಾನ್ಯ ಸಂಪಾದಕರೇ,

ಆಗುಂಬೆ, ಹುಲಿಕಲ್ ಘಾಟಿಗಳ ತಿರುವಿನಲ್ಲಿ ಬಾನೆಟ್ ಎತ್ತಿಕೊಂಡ ಹಳೆಯ ಮಾರುತಿ 800, ಮುಂದಿನ ಸೀಟು ಎತ್ತಿಕೊಂಡ ಓಮ್ನಿಗಳು ಹಬೆಯಾಡುತ್ತ ನಿಲ್ಲುವುದು ರಜೆ ಬಂತೆಂದರೆ ಮಾಮೂಲು ನೋಟ. ಪಕ್ಕದ ಹಳ್ಳದಿಂದ ಬಾಟಲಿ ನೀರು ತಂದು ಹೊಯ್ಯುವುದು, ಹೇಗೋ ಊರು ಮುಟ್ಟುವುದು, ಆಮೇಲೆ ಮರೆತುಬಿಡುವುದು. 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ಈಗ ಓಡುತ್ತಿರುವ 800ಗಳೆಲ್ಲ ಹತ್ತು ವರ್ಷ ದಾಟಿದ ಗಾಡಿಗಳು. ಇಂಥ ಗಾಡಿಗಳಲ್ಲಿ ಎಂಜಿನ್ ತಣ್ಣಗಿಡಲು ನೀರು ಹರಿಸುವ ವಾಟರ್ ಪಂಪ್ ಕೈಕೊಡುವುದು ಅಪರೂಪವಲ್ಲ. ಆದರೆ ಹೇಳದೆ ಕೇಳದೆ ಕೈಕೊಡುವುದು ಮಾತ್ರ ಅಪರೂಪ.

ತೋಟಕ್ಕೆ ನೀರೆತ್ತುವ ಮೋಟರ್ ಪಂಪ್ ಬಿಚ್ಚಿ ನೋಡಿದವರಿಗೆ ಇದು ಹೊಸ ವಿದ್ಯೆಯಲ್ಲ. ಒಂದು ಶಾಫ್ಟ್, ಒಂದು ಇಂಪೆಲ್ಲರ್, ಒಂದು ಬೇರಿಂಗ್, ನಡುವೆ ಒಂದು ಸೀಲ್. ಸೀಲ್ ಸವೆದಾಗ ನೀರು ಬೇರಿಂಗ್‌ಗೆ ನುಗ್ಗದೆ ಹೊರಬೀಳಲಿ ಎಂದೇ ಪಂಪಿನ ಕುತ್ತಿಗೆಯ ಕೆಳಗೆ ಸಣ್ಣ ತೂತು ಬಿಟ್ಟಿರುತ್ತಾರೆ. ಅಲ್ಲಿಂದ ಹಸಿರು ಅಥವಾ ತುಕ್ಕುಬಣ್ಣದ ಕಲೆ ಇಳಿದಿದ್ದರೆ ಪಂಪಿನ ಕಾಲ ಮುಗಿಯಿತೆಂದೇ ಅರ್ಥ. ಆ ತೂತಿಗೆ ಎಂ-ಸೀಲ್ ಮೆತ್ತುವ ಜಾಣರಿದ್ದಾರೆ. ಹಾಗೆ ಮಾಡಿದರೆ ನೀರು ಒಳಗೇ ನಿಂತು ಬೇರಿಂಗಿನ ಗ್ರೀಸ್ ತೊಳೆದು, ಪಂಪ್ ಜಾಮ್ ಆಗಿ ಬೆಲ್ಟ್ ಹರಿಯುತ್ತದೆ. ಈ ಗಾಡಿಗಳಲ್ಲಿ ಪಂಪನ್ನೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ತಿರುಗಿಸುವುದು ಒಂದೇ ಬೆಲ್ಟ್, ಫ್ಯಾನ್ ಬೆಲ್ಟ್ ಎಂದು ಕರೆಯುವುದು ಇದನ್ನೇ. ಆದ್ದರಿಂದ ಘಾಟಿ ಹತ್ತುವಾಗ ಬ್ಯಾಟರಿ ದೀಪ ಹೊತ್ತಿಕೊಂಡರೆ ಮನೆವರೆಗೆ ಹೋಗಿಬಿಡೋಣ ಎನ್ನಬಾರದು. ಅಲ್ಲೇ ಬದಿಗೆ ನಿಲ್ಲಿಸಬೇಕು. ಟೆಂಪರೇಚರ್ ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ. ನೀರು ಪೂರಾ ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ನಿಂತು ಮುಳ್ಳು ಕೆಳಗಿಳಿಯುವುದೂ ಉಂಟು.

ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರು ಈ ಪಂಪನ್ನು ಮನೆಯಂಗಳದಲ್ಲೇ ಬದಲಿಸಬಹುದು. ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ: ಪಂಪ್ ತೆಗೆಯಬೇಕಾದರೆ ಎಂಜಿನ್ನಿನ ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳನ್ನು ತಾಳ ತಪ್ಪದಂತೆ ತಿರುಗಿಸುವ ಟೈಮಿಂಗ್ ಬೆಲ್ಟನ್ನೂ ಬಿಚ್ಚಬೇಕು. ಇಷ್ಟೆಲ್ಲ ಕಳಚಿದ ಮೇಲೆ ಹಳೇ ಟೈಮಿಂಗ್ ಬೆಲ್ಟನ್ನೇ ಮತ್ತೆ ಹಾಕುವುದು ಉಳಿತಾಯವಲ್ಲ, ಜಿಪುಣತನ. ಪಂಪ್, ಅದರ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಫ್ಯಾನ್ ಬೆಲ್ಟ್, ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್, ರೇಡಿಯೇಟರಿಗೆ ತುಂಬಲು ನಾಲ್ಕು ಲೀಟರ್ ಕೂಲೆಂಟ್, ಇಷ್ಟನ್ನೂ ಒಟ್ಟಿಗೆ ತಂದಿಟ್ಟುಕೊಂಡೇ ಕೈ ಹಾಕಬೇಕು. ಹೊಸ ಪಂಪನ್ನು ಅಂಗಡಿ ಕಟ್ಟೆಯ ಮೇಲೇ ತಿರುಗಿಸಿ ನೋಡಿ. ಕರಕರ ಎಂದರೆ, ಶಾಫ್ಟ್ ಅಲ್ಲಾಡಿದರೆ ವಾಪಸ್ ಕೊಡಿ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ರೇಡಿಯೇಟರ್ ಮುಚ್ಚಳದ ಮೇಲೆ 0.9 ಎಂದು ಬರೆದಿದ್ದರೆ, ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚಿನ ಒತ್ತಡದಲ್ಲಿ ಒಳಗಿನ ನೀರು 115 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣಕ್ಕೆ ಭುಸ್ಸೆಂದು ಮುಖಕ್ಕೆ ಹಾರುತ್ತದೆ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ನೀರನ್ನು ಅಗಲ ಬೋಗುಣಿಗೆ ಇಳಿಸಿ. ಜಾಕ್ ಕೊಡುವುದಾದರೆ ಮಳೆಗೆ ನೆನೆದ ಅಂಗಳದಲ್ಲಿ ಅದರಡಿಗೆ ದಪ್ಪ ಹಲಗೆ ಬೇಕೇ ಬೇಕು. ಬರೀ ಜಾಕ್ ನಂಬಿ ಗಾಡಿಯಡಿ ತೂರಬಾರದು.

ಫ್ಯಾನ್ ಬೆಲ್ಟ್ ಸಡಿಲಿಸುವ ಮೊದಲೇ ಪಂಪ್ ಪುಲ್ಲಿಯ ಬೋಲ್ಟುಗಳನ್ನು ಸ್ವಲ್ಪ ಬಿಡಿಸಿಕೊಳ್ಳಿ. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಸುಮ್ಮನೆ ತಿರುಗುತ್ತದೆ, ಬೋಲ್ಟ್ ಬರುವುದಿಲ್ಲ. ಟೈಮಿಂಗ್ ಕವರ್ ತೆಗೆದು, ಕ್ರ್ಯಾಂಕಿನ ಗುರುತು ಮತ್ತು ಕ್ಯಾಮ್ ಚಕ್ರದ ಗುರುತು ಎರಡೂ ತಮ್ಮ ತಮ್ಮ ಬಾಣಕ್ಕೆ ಕೂಡುವಂತೆ ಎಂಜಿನ್ ತಿರುಗಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ ನಂತರವೇ ಟೈಮಿಂಗ್ ಬೆಲ್ಟ್ ಕಳಚಿ. ಆಮೇಲೆ ಎರಡು ಚಕ್ರಗಳನ್ನೂ ಅಲುಗಿಸುವಂತಿಲ್ಲ. ಒಂದು ಹಲ್ಲು ಆಚೀಚೆಯಾದರೂ ಗಾಡಿ ಏರು ಎಳೆಯುವುದಿಲ್ಲ.

ಹೆಚ್ಚಿನವರು ಸೋಲುವುದು ಪಂಪಿನ ಬೋಲ್ಟುಗಳ ಹತ್ತಿರ. 10ರ ಸ್ಪ್ಯಾನರಿನ ಸಣ್ಣ ಬೋಲ್ಟುಗಳು, ಮಲೆನಾಡಿನ ಮಳೆಗೆ ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ತಲೆಗೆ ಮೆಲ್ಲಗೆ ಬಡಿದು, ಬಿಗಿಯಾದಂತೆ ಕಂಡರೆ ಅರ್ಧ ಸುತ್ತು ಹಿಂದೆ ಅರ್ಧ ಸುತ್ತು ಮುಂದೆ ಮಾಡುತ್ತ ಬಿಡಿಸಬೇಕು. ಮುರಿದರೆ ದಿನದ ಕೆಲಸ ವಾರಕ್ಕೆ ಹೋಗುತ್ತದೆ. ಅಂಟಿದ ಹಳೇ ಗ್ಯಾಸ್ಕೆಟನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಗೀರು ಬಿದ್ದಲ್ಲಿ ನೀರು ಜಿನುಗುತ್ತದೆ. ಹದವಾಗಿ ಚೂಪು ಮಾಡಿದ ಅಡಿಕೆ ದಬ್ಬೆಯ ಚೂರು ಇದಕ್ಕೆ ಒಳ್ಳೆಯ ಹತಾರ. ಹೊಸ ಗ್ಯಾಸ್ಕೆಟಿಗೆ ಸೀಲೆಂಟ್ ಹಚ್ಚಲೇಬೇಕೆಂದರೆ ತೆಳ್ಳಗೆ ಸವರಿ. ದೋಸೆಗೆ ಬೆಣ್ಣೆ ಹಾಕಿದಂತೆ ಹಾಕಿದರೆ ಒಳಗೆ ಉಕ್ಕಿದ್ದು ಕಿತ್ತುಹೋಗಿ ರೇಡಿಯೇಟರ್ ಕಟ್ಟಿಕೊಳ್ಳುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಸುಮಾರು 10 ನ್ಯೂಟನ್ ಮೀಟರಿನಷ್ಟೇ ಬಿಗಿ ಮಾಡಬೇಕು. ಗಿಡ್ಡ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ.

ಟೈಮಿಂಗ್ ಬೆಲ್ಟ್ ಕೂರಿಸಿ, ಟೆನ್ಷನರ್ ಸಡಿಲವಿದ್ದಾಗಲೇ ಕ್ರ್ಯಾಂಕನ್ನು ಕೈಯಿಂದ ಗಡಿಯಾರದ ದಿಕ್ಕಿಗೆ ಎರಡು ಪೂರ್ತಿ ಸುತ್ತು ತಿರುಗಿಸಿ. ಸ್ಪ್ರಿಂಗ್ ಬೆಲ್ಟಿನ ಜೋಲು ಎಳೆದುಕೊಳ್ಳುತ್ತದೆ. ಆಗ ಬಿಗಿ ಮಾಡಿ ಗುರುತುಗಳನ್ನು ಮತ್ತೆ ನೋಡಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು. ಕಿರುಗುಟ್ಟುತ್ತದೆಂದು ತಂತಿಯಂತೆ ಬಿಗಿದರೆ ಹೊಸ ಬೇರಿಂಗಿಗೂ ಅಲ್ಲೇ ಗಂಡಾಂತರ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲೆಂಟ್ ಯಾಕೆ ಎಂಬ ವಾದ ತುಂಬ ಹಳೆಯದು. ಕೂಲೆಂಟ್ ಬೇಕಾದದ್ದು ಚಳಿಗಿಂತ ತುಕ್ಕಿಗೆ. ಎಂಜಿನ್ನಿನ ಹೆಡ್ (ಮೇಲ್ಭಾಗ) ಅಲ್ಯೂಮಿನಿಯಂ, ಬರೀ ನೀರು ಅದನ್ನು ತಿನ್ನುತ್ತದೆ, ಆ ಕೆಸರು ಸೀಲಿನ ಮುಖ ಉಜ್ಜುತ್ತದೆ. ಕೆಮ್ಮಣ್ಣಿನ ಹಳ್ಳದ ನೀರಾದರಂತೂ ಮಣ್ಣನ್ನೂ ಕೈಯಾರೆ ಹಾಕಿದಂತೆ. ನೀರು ಬೆರೆಸದ ಗಟ್ಟಿ ಕೂಲೆಂಟ್ ತಂದರೆ ಮೂರು ಪಾಲಿಗೆ ಏಳು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ. ಮೊದಲೇ ಬೆರೆಸಿದ್ದು ತಂದರೆ ಒಂದು ಹನಿಯೂ ಸೇರಿಸಬೇಡಿ.

ತುಂಬುವಾಗ ಅವಸರ ಸಲ್ಲ. ಗಾಡಿಯ ಮೂತಿ ಏರಿಗೆ ಇರಲಿ, ಹೀಟರ್ ಇದ್ದರೆ ಬಿಸಿಗೆ ತಿರುಗಿಸಿ. ತಣ್ಣಗಿರುವಾಗಲೇ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿ, ಹೋಸ್ ಹಿಸುಕುತ್ತ ಗುಳ್ಳೆ ಬಿಡಿಸಿ, ಮಟ್ಟ ಇಳಿದಂತೆ ತುಂಬುತ್ತ ಹೋಗಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾದ ಮೇಲೆ ಮುಚ್ಚಳ ಹಾಕಿ, ರೇಡಿಯೇಟರಿನ ಕರೆಂಟ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ಮಟ್ಟ ನೋಡಿ. ಹೊಸ ಪಂಪ್ ಹಾಕಿದರೂ ಕುದಿಯುತ್ತದೆ ಎಂಬ ದೂರುಗಳಲ್ಲಿ ಬಹುಪಾಲು ಒಳಗೆ ಉಳಿದ ಗಾಳಿಯದ್ದು.

ಕೊನೆಗೆ ಬೋಗುಣಿಯಲ್ಲಿ ಉಳಿಯುವ ಹಳೇ ಕೂಲೆಂಟ್. ಅದು ಸಿಹಿಯಾಗಿರುತ್ತದೆ, ಮತ್ತು ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ನೆಕ್ಕಿದ ನಾಯಿ, ಕರುಗಳ ಮೂತ್ರಪಿಂಡ ಕೆಡುತ್ತದೆ. ಮುಚ್ಚಳದ ಕ್ಯಾನಿನಲ್ಲಿ ತುಂಬಿಡಿ ಎಂದು ಹೇಳುವುದು ಸುಲಭ. ಆದರೆ ಆ ಕ್ಯಾನನ್ನು ಎಲ್ಲಿಗೆ ಒಯ್ಯಬೇಕು? ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನಲ್ಲಿ ಮಹಾನಗರ ಪಾಲಿಕೆಯೂ, ತೀರ್ಥಹಳ್ಳಿ, ಸಾಗರ, ಹೊಸನಗರಗಳಲ್ಲಿ ಸ್ಥಳೀಯ ಆಡಳಿತಗಳೂ ಹಳೇ ಕೂಲೆಂಟಿಗೆಂದು ಒಂದೊಂದು ಮುಚ್ಚಿದ ಡ್ರಮ್ ಇಟ್ಟು, ಅದನ್ನು ಖಾಲಿ ಮಾಡಿಸುವ ಹೊಣೆ ಯಾರದೆಂದು ಫಲಕ ಹಾಕಲಿ. ಈ ಬೇಡಿಕೆಯನ್ನು ಸಂಬಂಧಪಟ್ಟವರ ಗಮನಕ್ಕೆ ತರಬೇಕೆಂದು ಕೋರುತ್ತೇವೆ.

ಇತಿ,
ಹಳೇ ಗಾಡಿ ರಿಪೇರಿ ಬಲ್ಲ ಕೆಲವು ಓದುಗರು, ತೀರ್ಥಹಳ್ಳಿ